ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂತ್ರ ಒಂದೇ, ಕುದಿಯುವುದು ಬೇರೆ ಬೇರೆ

ಈ ಸಂಚಿಕೆಗೆ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ದ್ರವ ಆಲ್ಕೇನ್‌ಗಳ ಬಗ್ಗೆ. ಇಂಗಾಲ ಮತ್ತು ಹೈಡ್ರೋಜನ್ ಮಾತ್ರ ಇರುವ, ಒಂಟಿ ಬಂಧಗಳಿಂದಲೇ ಕಟ್ಟಿದ ಈ ಸಂಯುಕ್ತಗಳು ಪಠ್ಯದಲ್ಲಿ ಎರಡು ಪುಟಕ್ಕೆ ಮುಗಿದುಹೋಗುತ್ತವೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಮೇಣದಬತ್ತಿ ಎಲ್ಲದರಲ್ಲೂ ಇರುವುದು ಇವೇ ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇವೆ.

ಪ್ರಶ್ನೆ: ಪೆಂಟೇನ್‌ನ ಮೂರು ಸಮಾಂಗಿಗಳಲ್ಲೂ (ಅಣುಸೂತ್ರ ಒಂದೇ ಇದ್ದು ಜೋಡಣೆ ಬೇರೆಯಾದ ಸಂಯುಕ್ತಗಳು) 5 ಇಂಗಾಲ, 12 ಹೈಡ್ರೋಜನ್. ತೂಕವೂ ಒಂದೇ. ಹಾಗಿದ್ದೂ ಕುದಿಬಿಂದುಗಳು 36, 28 ಮತ್ತು 9.5 ಡಿಗ್ರಿ ಎಂದು ಕೊಟ್ಟಿದ್ದಾರೆ. ಇಷ್ಟು ವ್ಯತ್ಯಾಸ ಯಾಕೆ?
– ಪಿಯು ವಿದ್ಯಾರ್ಥಿನಿ, ಶಿರಸಿ

ಕುದಿಯುವಾಗ ಅಣು ಒಡೆಯುವುದಿಲ್ಲ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಇಂಗಾಲ-ಇಂಗಾಲ ಬಂಧ, ಇಂಗಾಲ-ಹೈಡ್ರೋಜನ್ ಬಂಧ ಯಾವುದಕ್ಕೂ ಏನೂ ಆಗುವುದಿಲ್ಲ. ಒಂದು ಅಣು ಪಕ್ಕದ ಅಣುಗಳ ಹಿಡಿತ ಬಿಡಿಸಿಕೊಂಡು ಹೊರಗೆ ಹೋಗುತ್ತದೆ, ಅಷ್ಟೇ. ಆಲ್ಕೇನ್‌ಗಳಲ್ಲಿ ಈ ಹಿಡಿತ ಬಹಳ ದುರ್ಬಲ. ನೀರಿನಲ್ಲಿರುವಂಥ ಹೈಡ್ರೋಜನ್ ಬಂಧ ಇಲ್ಲಿಲ್ಲ. ಎಲೆಕ್ಟ್ರಾನ್ ಮೋಡ ಕ್ಷಣಕಾಲ ಅತ್ತಿತ್ತ ವಾಲುವುದರಿಂದ ಹುಟ್ಟುವ ಲಂಡನ್ ಬಲ ಮಾತ್ರ ಇದೆ. ಅದು ಕೆಲಸ ಮಾಡಲು ಅಣುಗಳು ಒಂದಕ್ಕೊಂದು ತೀರ ಹತ್ತಿರ ಬರಬೇಕು. ಎಷ್ಟು ಮೈ ತಾಗುತ್ತದೋ ಅಷ್ಟು ಹಿಡಿತ.

ತೆಂಗಿನ ಹಿಡಿಕಡ್ಡಿಗಳನ್ನು ಕಟ್ಟಿ ಹಿಡಿಯಿರಿ. ಒಂದು ಕಡ್ಡಿ ಇನ್ನೊಂದನ್ನು ಉದ್ದಕ್ಕೂ ತಾಗಿಕೊಂಡಿರುತ್ತದೆ. ಸುಲಿದ ಅಡಿಕೆಯ ರಾಶಿಯಲ್ಲಿ ಒಂದು ಅಡಿಕೆ ಇನ್ನೊಂದನ್ನು ತಾಗುವುದು ಚುಕ್ಕೆಯಷ್ಟು ಜಾಗದಲ್ಲಿ. ನೇರ ಸರಪಳಿಯ ಪೆಂಟೇನ್ ಕಡ್ಡಿಯ ಹಾಗೆ, ನಡುವಿನ ಒಂದು ಇಂಗಾಲಕ್ಕೆ ನಾಲ್ಕು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ಸುತ್ತಿಕೊಂಡ ನಿಯೋಪೆಂಟೇನ್ ಅಡಿಕೆಯ ಹಾಗೆ. ಒಂದು ಕವಲಿರುವ ಐಸೋಪೆಂಟೇನ್ ಇವೆರಡರ ಮಧ್ಯೆ. ಹಾಗಾಗಿ 36.1, 27.8, 9.5.

ಈ ಮೂರು ಸಂಖ್ಯೆಗಳನ್ನು ನಿಮ್ಮ ಜಿಲ್ಲೆಯ ಹವಾಮಾನದ ಪಕ್ಕ ಇಟ್ಟು ನೋಡಿ. ನಿಯೋಪೆಂಟೇನ್ ಕಾರವಾರದಲ್ಲೂ ಶಿರಸಿಯಲ್ಲೂ ವರ್ಷವಿಡೀ ಅನಿಲ. ನೇರ ಪೆಂಟೇನ್ ನೆರಳಿನಲ್ಲಿಟ್ಟರೆ ಎರಡೂ ಕಡೆ ಸಾಮಾನ್ಯವಾಗಿ ದ್ರವ. ಐಸೋಪೆಂಟೇನ್ ಮಾತ್ರ ಊರು ನೋಡಿ, ಹೊತ್ತು ನೋಡಿ ಸ್ಥಿತಿ ಬದಲಿಸುತ್ತದೆ: ಜನವರಿಯ ಮುಂಜಾನೆ ಶಿರಸಿಯಲ್ಲಿ ತಣ್ಣಗಿನ ದ್ರವ, ಏಪ್ರಿಲ್ ಮಧ್ಯಾಹ್ನ ಕಾರವಾರದಲ್ಲಿ ತೆರೆದ ಪಾತ್ರೆಗೆ ಸುರಿದರೆ ಕುದಿಯತೊಡಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಪುಸ್ತಕದ ಕುದಿಬಿಂದು ಸಮುದ್ರಮಟ್ಟದ ಒತ್ತಡಕ್ಕೆ ಕೊಟ್ಟದ್ದು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಶೇ. 6–7ರಷ್ಟು ಕಡಿಮೆ. ಆದ್ದರಿಂದ ನೀರು 98 ಡಿಗ್ರಿಗೇ ಕುದಿಯುತ್ತದೆ, ಪೆಂಟೇನ್ 34ರ ಆಸುಪಾಸಿನಲ್ಲಿ. ದೇವಿಮನೆ ಘಟ್ಟ ಹತ್ತಿದರೆ ಎರಡು ಡಿಗ್ರಿ ಇಳಿಯಿತು ಎಂದಾಯಿತು. ಪ್ರಯೋಗದಲ್ಲಿ 34 ಬಂದರೆ ಥರ್ಮಾಮೀಟರ್ ಹಾಳಾಗಿದೆ ಎಂದುಕೊಳ್ಳಬೇಡಿ.

ಕುದಿಬಿಂದುವಿಗೆ ಕಲಿತ ನಿಯಮವನ್ನು ಕರಗುವ ಬಿಂದುವಿಗೆ ಅನ್ವಯಿಸಿ ಬಹಳ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುತ್ತಾರೆ. ನೇರ ಪೆಂಟೇನ್ ಮೈನಸ್ 130 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಐಸೋಪೆಂಟೇನ್ ಮೈನಸ್ 160ರಲ್ಲಿ, ನಿಯೋಪೆಂಟೇನ್ ಮೈನಸ್ 16.5ರಲ್ಲೇ. ಎಲ್ಲಕ್ಕಿಂತ ಬೇಗ ಕುದಿಯುವುದೇ ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ! ಘನ ಸ್ಥಿತಿಯಲ್ಲಿ ಮುಖ್ಯವಾಗುವುದು ಅಣುಗಳು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿ ಕೂರುತ್ತವೆ ಎಂಬುದು. ದುಂಡನೆಯ ಅಣು ಯಾವ ಕಡೆಗೆ ತಿರುಗಿದರೂ ತನ್ನ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಒಂದೇ ಕವಲಿನ ಸೊಟ್ಟ ಅಣು ಕೂರುವುದಿಲ್ಲ.

ಪ್ರಶ್ನೆ: ಹೆಕ್ಸೇನ್‌ಗೆ ಐದೇ ಸಮಾಂಗಿಗಳು ಎಂದು ಪುಸ್ತಕ ಹೇಳುತ್ತದೆ. ನಾನು ಏಳು ಬರೆದಿದ್ದೇನೆ: ಹೆಕ್ಸೇನ್, 2-ಮೀಥೈಲ್‌ಪೆಂಟೇನ್, 3-ಮೀಥೈಲ್‌ಪೆಂಟೇನ್, 4-ಮೀಥೈಲ್‌ಪೆಂಟೇನ್, 2-ಈಥೈಲ್‌ಬ್ಯೂಟೇನ್, 2,2-ಡೈಮೀಥೈಲ್‌ಬ್ಯೂಟೇನ್, 2,3-ಡೈಮೀಥೈಲ್‌ಬ್ಯೂಟೇನ್. ಯಾವ ಎರಡು ತಪ್ಪು?
– ವಿದ್ಯಾರ್ಥಿ, ಕುಮಟಾ

ನಾಲ್ಕನೆಯದು ಮತ್ತು ಐದನೆಯದು. 4-ಮೀಥೈಲ್‌ಪೆಂಟೇನ್ ಎಂದು ಬರೆದದ್ದನ್ನು ಬಲದಿಂದ ಎಣಿಸಿ, ಮೀಥೈಲ್ ಎರಡನೇ ಇಂಗಾಲದ ಮೇಲೆ ಬರುತ್ತದೆ. ನೀವು ಆಗಲೇ ಬರೆದ 2-ಮೀಥೈಲ್‌ಪೆಂಟೇನ್ ಅದೇ. 2-ಈಥೈಲ್‌ಬ್ಯೂಟೇನ್‌ನಲ್ಲಿ ಸರಪಳಿಯನ್ನು ಎರಡು ಇಂಗಾಲದ ಈಥೈಲ್ ಗುಂಪಿನ ತುದಿಯಿಂದ ಹಿಡಿದು ಎಣಿಸಿದರೆ ಐದು ಇಂಗಾಲ ಸಿಗುತ್ತದೆ. ಅಂದರೆ ಅದು 3-ಮೀಥೈಲ್‌ಪೆಂಟೇನ್. ಅತಿ ಉದ್ದದ ಸರಪಳಿ ಕಾಗದದ ಮೇಲೆ ನೆಟ್ಟಗೇ ಇರಬೇಕೆಂದಿಲ್ಲ. ಮೂಲೆ ತಿರುಗಿಯೂ ಹೋಗಬಹುದು.

ಮರೆಯದಂತೆ, ಮರುಕಳಿಸದಂತೆ ಎಣಿಸಲು ಸರಪಳಿಯನ್ನು ಒಂದೊಂದೇ ಇಂಗಾಲ ಕಡಿಮೆ ಮಾಡುತ್ತ ಬನ್ನಿ. ಆರರ ಸರಪಳಿ: ಒಂದೇ ದಾರಿ. ಐದರ ಸರಪಳಿ: ಉಳಿದ ಒಂದು ಇಂಗಾಲವನ್ನು ಎರಡನೆಯದಕ್ಕೋ ಮೂರನೆಯದಕ್ಕೋ ಅಂಟಿಸಿ. ತುದಿಗೆ ಅಂಟಿಸಿದರೆ ಸರಪಳಿಯೇ ಉದ್ದವಾಗುತ್ತದೆ, ನಾಲ್ಕನೆಯದಕ್ಕೆ ಅಂಟಿಸಿದರೆ ಎರಡನೆಯದೇ ಆಗುತ್ತದೆ. ಹಾಗಾಗಿ ಎರಡು ದಾರಿ. ನಾಲ್ಕರ ಸರಪಳಿ: ಉಳಿದ ಎರಡು ಮೀಥೈಲ್‌ಗಳು ಒಂದೇ ಇಂಗಾಲದ ಮೇಲೆ, ಇಲ್ಲವೇ ಅಕ್ಕಪಕ್ಕದ ಇಂಗಾಲಗಳ ಮೇಲೆ. ಎರಡು ದಾರಿ. ಮೂರರ ಸರಪಳಿಯಲ್ಲಿ ನಡುವಿನ ಇಂಗಾಲದ ನಾಲ್ಕು ಕೈಗಳಲ್ಲಿ, ಅಂದರೆ ಬಂಧಗಳಲ್ಲಿ, ಎರಡೇ ಖಾಲಿ. ಮೂರು ಮೀಥೈಲ್ ಹಿಡಿಸುವುದಿಲ್ಲ. ಒಟ್ಟು ಐದು. ಇದೇ ಕ್ರಮದಲ್ಲಿ ಹೆಪ್ಟೇನ್‌ಗೆ 9, ಆಕ್ಟೇನ್‌ಗೆ 18, ನೋನೇನ್‌ಗೆ 35, ಡೆಕೇನ್‌ಗೆ 75 ಬರುತ್ತವೆ. ಹೆಪ್ಟೇನ್‌ವರೆಗೆ ಕೈಯಲ್ಲೇ ಮಾಡಿ ನೋಡಿ, ಒಂದು ಸಂಜೆಯ ಕೆಲಸ.

ಕಾಗದದ ಮೇಲೆ ಗೊಂದಲವಾಗುತ್ತಿದ್ದರೆ ಮಾದರಿ ಮಾಡಿ. ಹೆಕ್ಸೇನ್‌ಗೆ ದೊಡ್ಡ ಮಣ್ಣಿನ ಉಂಡೆ 6, ಚಿಕ್ಕವು 14, ಹಿಡಿಕಡ್ಡಿಯ ತುಂಡು 19 ಬೇಕು. ಇಂಗಾಲಗಳ ನಡುವೆ 5, ಹೈಡ್ರೋಜನ್‌ಗಳಿಗೆ 14. ಕವಲು ಎಲ್ಲಿ ಹಾಕಿದರೂ ಕಡ್ಡಿ 19ಕ್ಕಿಂತ ಹೆಚ್ಚೂ ಆಗಬಾರದು, ಉಳಿಯಲೂಬಾರದು. ಉಳಿದರೆ ಎಲ್ಲೋ ಒಂದು ಇಂಗಾಲಕ್ಕೆ ಮೂರೇ ಕೈ ಕೊಟ್ಟಿದ್ದೀರಿ.

ಕಷ್ಟವಿರುವುದು ಕೋನದಲ್ಲಿ. ನಾಲ್ಕೂ ಕಡ್ಡಿಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಚಪ್ಪಟೆಯಾಗಿ ಚುಚ್ಚಿದರೆ ಮಾದರಿ ಸುಳ್ಳು ಹೇಳುತ್ತದೆ: ಒಂದೇ ಅಣು ಎರಡಾಗಿ ಕಾಣಿಸುತ್ತದೆ. ನಿಮ್ಮ ಏಳರ ಲೆಕ್ಕ ಹುಟ್ಟಿದ್ದೂ ಹೀಗೆಯೇ ಇರಬೇಕು. ನಿಜವಾದ ಕೋನ 109.5 ಡಿಗ್ರಿ. ಇದಕ್ಕೆ ಕೋನಮಾಪಕ ಬೇಡ. ಉಂಡೆಯ ನಡುವಿನಿಂದ ಕಡ್ಡಿಯ ತುದಿಗೆ 6 ಸೆಂಟಿಮೀಟರ್ ಇರುವಂತೆ ನಾಲ್ಕು ಕಡ್ಡಿ ಚುಚ್ಚಿ. 9.8 ಸೆಂಟಿಮೀಟರ್‌ನ ಇನ್ನೊಂದು ಕಡ್ಡಿ ಕತ್ತರಿಸಿ ಅಳತೆಗೋಲು ಮಾಡಿಕೊಳ್ಳಿ. ಯಾವ ಎರಡು ತುದಿಗಳ ನಡುವೆ ಹಿಡಿದರೂ ಅದು ಸರಿಯಾಗಿ ಕೂರಬೇಕು. ಮೂರು ಕಡ್ಡಿಗಳ ಮೇಲೆ ನಿಲ್ಲಿಸಿದಾಗ ನಾಲ್ಕನೆಯದು ನೆಟ್ಟಗೆ ಆಕಾಶ ನೋಡಿದರೆ ಗೆದ್ದಿರಿ. ಉಂಡೆಗಳನ್ನು ಬಿಸಿಲಿಗಿಟ್ಟರೆ ಬಿರಿಯುತ್ತವೆ. ಜೇಡಿಮಣ್ಣಿಗೆ ನೆನೆಸಿದ ಕಾಗದದ ಮುದ್ದೆ ಸ್ವಲ್ಪ ಕಲಸಿ ನೆರಳಿನಲ್ಲಿ ಒಣಗಿಸಿ. ಕಡ್ಡಿ ಚುಚ್ಚಬೇಕಾದ್ದು ಮಣ್ಣು ಅರೆ ಒಣಗಿದಾಗ. ನಂತರ ಒಂಟಿ ಬಂಧದ ಸುತ್ತ ತಿರುಗಿಸಿ ನೋಡಿ: ಅಂಕುಡೊಂಕಾದ ಸರಪಳಿ ಸುರುಳಿಯಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ, ಆದರೆ ಅಣು ಅದೇ. ಕಡ್ಡಿ ಕಿತ್ತು ಬೇರೆ ಕಡೆ ಚುಚ್ಚಿದಾಗ ಮಾತ್ರ ಹೊಸ ಸಮಾಂಗಿ.

ಪ್ರಶ್ನೆ: ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಮೊದಲಿಂದಲೇ ಸೀಮೆಎಣ್ಣೆ ಯಾಕಾಗುವುದಿಲ್ಲ? ಅದೇ ಸೀಮೆಎಣ್ಣೆ ಬೈಕಿಗೆ ಹಾಕಿದರೆ ಟಕಟಕ ಹೊಡೆಯುವುದೇಕೆ?
– ಮೀನುಗಾರರು, ಹೊನ್ನಾವರ

ಎರಡು ಪ್ರಶ್ನೆಗೂ ಉತ್ತರ ಅಣುವಿನಲ್ಲೇ ಇದೆ. ಮೊದಲನೆಯದಕ್ಕೆ ಅಣುವಿನ ಉದ್ದ ಕಾರಣ, ಎರಡನೆಯದಕ್ಕೆ ಆಕಾರ.

ಪೆಟ್ರೋಲ್‌ನಲ್ಲಿ ಇರುವುದು ಸುಮಾರು 4ರಿಂದ 12 ಇಂಗಾಲದ ಅಣುಗಳು. ಕೆಲವು ಮೂವತ್ತು ನಲವತ್ತು ಡಿಗ್ರಿಯಲ್ಲೇ ಆವಿಯಾಗುತ್ತವೆ. ಸೀಮೆಎಣ್ಣೆಯಲ್ಲಿ ಹೆಚ್ಚಾಗಿ 10ರಿಂದ 16 ಇಂಗಾಲ. ಕುದಿಯುವುದು 150ರಿಂದ 300 ಡಿಗ್ರಿ. ಸ್ಪಾರ್ಕ್ ಹೊತ್ತಿಸುವುದು ಆವಿಯನ್ನೇ ಹೊರತು ಹನಿಯನ್ನಲ್ಲ. ಬೆಳಗಿನ ಜಾವ ತಣ್ಣಗಿರುವ ಎಂಜಿನ್‌ಗೆ ಸೀಮೆಎಣ್ಣೆ ಹೋದರೆ ಅದು ಹನಿಯಾಗಿಯೇ ಉಳಿದು ಪ್ಲಗ್ ತೋಯಿಸುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ಎಂಜಿನ್ ಕಾದ ಮೇಲೆ ಅದೇ ಎಣ್ಣೆ ಒಳಗೆ ಹೋಗುತ್ತಲೇ ಆವಿಯಾಗುತ್ತದೆ. ಬೇಗ ತಿರುಗಿಸಿದಾಗ ಎಂಜಿನ್ ತೊದಲಿ ಬಿಳಿ ಹೊಗೆ ಉಗುಳುವುದು ಈ ಕಾರಣಕ್ಕೆ.

ದಡಕ್ಕೆ ಬರುವಾಗ ಮಾಡಬೇಕಾದ್ದನ್ನು ಹಲವರು ಬಿಟ್ಟುಬಿಡುತ್ತಾರೆ. ನಿಲ್ಲಿಸುವ ಮೊದಲು ಕಾಕ್ ಪೆಟ್ರೋಲ್‌ಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಬೇಕು. ಕಾರ್ಬ್ಯುರೇಟರ್ ಬಟ್ಟಲಿನ ಸೀಮೆಎಣ್ಣೆ ಖಾಲಿಯಾಗಿ ಅಲ್ಲಿ ಪೆಟ್ರೋಲ್ ನಿಂತಿರುತ್ತದೆ. ಇಲ್ಲದಿದ್ದರೆ ಮರುದಿನ ಪೆಟ್ರೋಲ್‌ಗೆ ತಿರುಗಿಸಿಟ್ಟರೂ ಹಗ್ಗ ಎಳೆದಾಗ ಮೊದಲು ಹೋಗುವುದು ಹಿಂದಿನ ದಿನದ ಸೀಮೆಎಣ್ಣೆಯೇ.

ಟಕಟಕ ಶಬ್ದದ ವಿಷಯ. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಒತ್ತಿಹೋದ ಮಿಶ್ರಣ ತಾನಾಗಿ ಸಿಡಿಯುವುದೇ ನಾಕಿಂಗ್. ನೇರ ಸರಪಳಿಯ ನಡುವಿನ ಇಂಗಾಲಗಳಿಂದ ಹೈಡ್ರೋಜನ್ ಸುಲಭವಾಗಿ ಕಿತ್ತುಬರುತ್ತದೆ. ಒತ್ತಡ, ಬಿಸಿ ಏರಿದೊಡನೆ ಅಲ್ಲಿ ಕ್ರಿಯೆ ಸರಣಿಯಾಗಿ ಹಬ್ಬುತ್ತದೆ. ಕವಲೊಡೆದ ಅಣುವಿನಲ್ಲಿ ಹೆಚ್ಚಿನ ಹೈಡ್ರೋಜನ್‌ಗಳು ತುದಿಯ ಮೀಥೈಲ್‌ಗಳಲ್ಲಿರುತ್ತವೆ, ಅವುಗಳನ್ನು ಕೀಳುವುದು ಕಷ್ಟ. ಪಂಪಿನಲ್ಲಿ ಕೇಳುವ ಆಕ್ಟೇನ್ ಸಂಖ್ಯೆ ಇದನ್ನೇ ಅಳೆಯುತ್ತದೆ. ನೇರ ಹೆಪ್ಟೇನ್‌ಗೆ 0, ಐಸೋಆಕ್ಟೇನ್ ಎಂದು ಕರೆಯುವ 2,2,4-ಟ್ರೈಮೀಥೈಲ್‌ಪೆಂಟೇನ್‌ಗೆ 100. ಹೆಸರು ಆಕ್ಟೇನ್ ಎಂದಿದ್ದರೂ ನೇರ ಆಕ್ಟೇನ್‌ನ ಸಂಖ್ಯೆ ಸೊನ್ನೆಗಿಂತ ಕೆಳಗೆ. ಅಣುಸೂತ್ರ ಒಂದೇ, ಜೋಡಣೆ ಬೇರೆ, ಎಂಜಿನ್‌ನಲ್ಲಿ ನೂರಕ್ಕೂ ಮೀರಿದ ಅಂತರ! ಡೀಸೆಲ್ ಎಂಜಿನ್‌ಗೆ ಬೇಕಾದ್ದು ಇದರ ವಿರುದ್ಧ. ಅಲ್ಲಿ ಸ್ಪಾರ್ಕ್ ಇಲ್ಲ, ಇಂಧನ ತಾನೇ ಹೊತ್ತಿಕೊಳ್ಳಬೇಕು. ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಸಂಖ್ಯೆ 16 ಇಂಗಾಲದ ನೇರ ಸರಪಳಿಗೆ 100, ಅದೇ 16 ಇಂಗಾಲವನ್ನು ಕವಲು ಕವಲಾಗಿ ಜೋಡಿಸಿದ ಐಸೋಸೀಟೇನ್‌ಗೆ 15.

ಸೀಮೆಎಣ್ಣೆಗೆಂದೇ ಮಾಡಿದ ಔಟ್‌ಬೋರ್ಡ್‌ನಲ್ಲಿ ಒತ್ತುವಿಕೆ ಕಡಿಮೆ ಇಟ್ಟಿರುತ್ತಾರೆ, ಆದ್ದರಿಂದ ಅದು ತಾಳಿಕೊಳ್ಳುತ್ತದೆ. ಬೈಕಿನ ಎಂಜಿನ್ ಹೆಚ್ಚು ಒತ್ತುತ್ತದೆ, ತಾಳುವುದಿಲ್ಲ. ಹೀಗೇ ಓಡಿಸಿದರೆ ಪಿಸ್ಟನ್ ತಲೆ ತೂತಾಗುವವರೆಗೂ ಹೋಗಬಹುದು.

ಪ್ರಶ್ನೆ: ದೋಣಿಯ ಪೆಟ್ರೋಲ್ ಕ್ಯಾನಿನ ತಳದಲ್ಲಿ ನೀರಿನಂಥ ಪದರ ನಿಲ್ಲುತ್ತದೆ. ಆಲ್ಕೇನ್ ನೀರಿನಲ್ಲಿ ಕರಗುವುದಿಲ್ಲವಲ್ಲ, ಎಲ್ಲಿಂದ ಬಂತು?
– ಓದುಗರು, ತದಡಿ

ಆಲ್ಕೇನ್ ಕರಗುವುದಿಲ್ಲ ನಿಜ. ಒಂದು ಲೀಟರ್ ನೀರಿನಲ್ಲಿ ಹೆಕ್ಸೇನ್ ಹತ್ತು ಮಿಲಿಗ್ರಾಂ ಆಸುಪಾಸಿನಲ್ಲಿ ಮಾತ್ರ ಕರಗುತ್ತದೆ. ಆದರೆ ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಆಲ್ಕೇನ್ ಅಲ್ಲ. ಕಡಲ ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಜೊತೆಯಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಹೀರುವುದು ತಳದಿಂದಲೇ ಆದ್ದರಿಂದ ನಡುನೀರಿನಲ್ಲಿ ನಿಂತುಹೋಗುತ್ತದೆ. ಕ್ಯಾನ್ ಅರ್ಧ ಖಾಲಿ ಇಡಬೇಡಿ, ಮುಚ್ಚಳದ ವಾಷರ್ ನೋಡಿಕೊಳ್ಳಿ, ಎರಡು ವಾರಕ್ಕಿಂತ ಹೆಚ್ಚು ದಾಸ್ತಾನು ಬೇಡ.

ಎಥನಾಲ್ ಎಷ್ಟಿದೆ ಎಂದು ನೋಡಲು 100 ಮಿಲಿಲೀಟರ್‌ನ ಗಾಜಿನ ಅಳತೆ ಜಾಡಿಯಲ್ಲಿ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ. ಮುಚ್ಚಿ, ಮೆಲ್ಲಗೆ ತಲೆಕೆಳಗು ಮಾಡಿ, ಆಗಾಗ ಮುಚ್ಚಳ ಸಡಿಲಿಸಿ ಆವಿ ಬಿಡಿ. ಹತ್ತು ನಿಮಿಷ ನಿಲ್ಲಲಿ. ಕೆಳಗಿನ ಪದರ 10ರಿಂದ 28ರ ಹತ್ತಿರ ಏರಿದರೆ ಶೇ. 20ರಷ್ಟು ಎಥನಾಲ್. ಆಲ್ಕೇನ್ ಮೇಲೆಯೇ ಉಳಿಯುತ್ತದೆ. ಇದನ್ನು ಬಯಲಿನಲ್ಲಿ, ಬೀಡಿ ಸ್ಟವ್ ಯಾವುದೂ ಹತ್ತಿರವಿಲ್ಲದಾಗ ಮಾಡಿ. ಆ ಪೆಟ್ರೋಲನ್ನು ಟ್ಯಾಂಕಿಗೆ ಮರಳಿ ಹಾಕಬೇಡಿ.

ಪ್ರಶ್ನೆ: ತರಗತಿಯಲ್ಲಿ ಪೆಂಟೇನ್ ಕುದಿಯುವುದನ್ನು ಬೆಂಕಿ ಇಲ್ಲದೆ ತೋರಿಸಬಹುದೇ? ಪೆಂಟೇನ್ ಸಿಗದಿದ್ದರೆ ಪೆಟ್ರೋಲ್ ಆಗುತ್ತದೆಯೇ?
– ವಿಜ್ಞಾನ ಶಿಕ್ಷಕರು, ಅಂಕೋಲಾ

ತೋರಿಸಬಹುದು, ಅದೂ 2 ಮಿಲಿಲೀಟರ್‌ನಲ್ಲಿ. ಅದಕ್ಕಿಂತ ಹೆಚ್ಚು ತೆಗೆಯಬೇಡಿ ಎನ್ನಲು ಲೆಕ್ಕವಿದೆ. 2 ಮಿ.ಲೀ. ಪೆಂಟೇನ್ ಪೂರ್ತಿ ಆವಿಯಾದರೆ ಸುಮಾರು 430 ಮಿ.ಲೀ. ಆವಿ. ಗಾಳಿಯಲ್ಲಿ ಶೇ. 1.5ರಷ್ಟು ಸೇರಿದರೇ ಅದು ಹೊತ್ತಿಕೊಳ್ಳುವ ಮಿಶ್ರಣ. ಅಂದರೆ ಎರಡು ಮಿ.ಲೀ. ಸಾಕು, ಸುಮಾರು 29 ಲೀಟರ್ ಗಾಳಿ, ಎರಡು ಬಕೆಟ್‌ನಷ್ಟು, ಅಪಾಯಕಾರಿಯಾಗುತ್ತದೆ. ಬಾಟಲಿ ಉರುಳಿದರೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಈ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ಪಕ್ಕದ ಕೋಣೆಯ ಒಲೆಯವರೆಗೂ ಹರಿಯಬಲ್ಲದು.

ನೀರನ್ನು ಬೇರೆ ಕೋಣೆಯಲ್ಲಿ ಕುದಿಸಿ ಮುಚ್ಚಿ ತನ್ನಿ. ಒಂದು ಲೋಟ ಕುದಿನೀರಿಗೆ ಮೂರು ಲೋಟ ನಲ್ಲಿ ನೀರು ಬೆರೆಸಿದರೆ ಕರಾವಳಿಯಲ್ಲಿ 45 ಡಿಗ್ರಿ ಸಿಗುತ್ತದೆ. ಪ್ರನಾಳದಲ್ಲಿ 2 ಮಿ.ಲೀ. ಪೆಂಟೇನ್, ಜೊತೆಗೆ ಒಡೆದ ಮಡಕೆಯ ಒಂದು ಚೂರು. ಚೂರು ಮರೆತರೆ ದ್ರವ ಕುದಿಬಿಂದು ದಾಟಿದರೂ ಸುಮ್ಮನಿದ್ದು ಒಮ್ಮೆಲೇ ಚಿಮ್ಮುತ್ತದೆ. ಪ್ರನಾಳದ ಬಾಯಿ ಕಿಟಕಿಯ ಕಡೆ ಇರಲಿ, ಮಕ್ಕಳ ಕಡೆ ಬೇಡ. ಬಿಸಿನೀರಿಗೆ ಇಳಿಸಿದ ಕೆಲವೇ ಕ್ಷಣಗಳಲ್ಲಿ ಚೂರಿನಿಂದ ಗುಳ್ಳೆಗಳ ಸಾಲು ಏಳುತ್ತದೆ. ಪಕ್ಕದಲ್ಲಿ ಇನ್ನೊಂದು ಪ್ರನಾಳದಲ್ಲಿ 2 ಮಿ.ಲೀ. ಹೆಪ್ಟೇನ್ ಇಟ್ಟರೆ ಅದು ಅಲುಗುವುದೂ ಇಲ್ಲ: ಅದರ ಕುದಿಬಿಂದು 98 ಡಿಗ್ರಿ. ಎರಡೇ ಇಂಗಾಲ ಹೆಚ್ಚಾದದ್ದರ ಫಲವನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಪೆಟ್ರೋಲ್ ಬೇಡವೇ ಬೇಡ. ಅದು ನೂರಾರು ಸಂಯುಕ್ತಗಳ ಮಿಶ್ರಣ, ಒಂದು ಕುದಿಬಿಂದು ತೋರಿಸುವುದಿಲ್ಲ. ಅದರಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಕೂಡ ಇದೆ. ಮರಳು ತುಂಬಿದ ಬಕೆಟ್ ಪಕ್ಕದಲ್ಲಿರಲಿ. ಆಲ್ಕೇನ್ ನೀರಿನ ಮೇಲೆ ತೇಲುವುದರಿಂದ ನೀರು ಎರಚಿದರೆ ಬೆಂಕಿ ಹರಡುತ್ತದೆ.

ಪ್ರಶ್ನೆ: ಆಕ್ಟೇನ್‌ನ 18 ಸಮಾಂಗಿಗಳೂ ದ್ರವಗಳೇ?
– ಪದವಿ ವಿದ್ಯಾರ್ಥಿ, ಕಾರವಾರ

ಹದಿನೇಳು ದ್ರವ, ಒಂದು ಘನ. ಅದು 2,2,3,3-ಟೆಟ್ರಾಮೀಥೈಲ್‌ಬ್ಯೂಟೇನ್, ಕರಗುವುದು ಸುಮಾರು 100 ಡಿಗ್ರಿಗೆ, ಕುದಿಯುವುದು 106ಕ್ಕೆ. ನಿಯೋಪೆಂಟೇನ್ ಬಗ್ಗೆ ಮೇಲೆ ಹೇಳಿದ ಕಾರಣವೇ ಇಲ್ಲೂ. ನೇರ ಸರಪಳಿಗಳಲ್ಲಿ ಕೋಣೆಯ ಉಷ್ಣತೆಯಲ್ಲಿ ದ್ರವ-ಘನಗಳ ಗಡಿ ಬರುವುದು 16–18 ಇಂಗಾಲದ ಬಳಿ. ಶುದ್ಧ ಹೆಕ್ಸಾಡೆಕೇನ್ 18 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಶಿರಸಿಯಲ್ಲಿ ಅದು ಬಾಟಲಿಯಲ್ಲೇ ಮೇಣ, ಅದೇ ಹೊತ್ತಿಗೆ ಕಾರವಾರದಲ್ಲಿ ಎಣ್ಣೆ.

ಪ್ರಶ್ನೆ: ಮುರುಗಲು ಬೀಜದ ತುಪ್ಪವನ್ನು ಹೆಕ್ಸೇನ್ ಬಳಸಿ ಮನೆಯಲ್ಲೇ ತೆಗೆಯಬಹುದೇ? ಇಳುವರಿ ಹೆಚ್ಚು ಎನ್ನುತ್ತಾರೆ.
– ಗೃಹಿಣಿ, ಸಿದ್ದಾಪುರ

ಖಂಡಿತ ಬೇಡ. ಇಳುವರಿ ಹೆಚ್ಚು ಬರುವುದು ನಿಜ, ಏಕೆಂದರೆ ಕೊಬ್ಬು ಹೆಕ್ಸೇನ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಕಾರ್ಖಾನೆಯಲ್ಲಿ ಅದನ್ನು ಮುಚ್ಚಿದ ಪಾತ್ರೆಗಳಲ್ಲಿ ಮಾಡುತ್ತಾರೆ, ಕೊನೆಯಲ್ಲಿ ಹಬೆ ಹಾಯಿಸಿ ಉಳಿದ ಹೆಕ್ಸೇನ್ ಹೊರಹಾಕುತ್ತಾರೆ. ಮನೆಯ ಒಲೆಯ ಮೇಲೆ ಅದು ಸ್ಫೋಟಕ್ಕೆ ದಾರಿ. ಉಸಿರಿನ ಮೂಲಕ ದೇಹ ಸೇರಿದ ನೇರ ಹೆಕ್ಸೇನ್ 2,5-ಹೆಕ್ಸೇನ್‌ಡೈಓನ್ ಆಗಿ ಬದಲಾಗಿ ಕೈಕಾಲುಗಳ ನರ ಕೆಡಿಸುತ್ತದೆ. ಪಾದರಕ್ಷೆ ಅಂಟಿಸುವ ಕೆಲಸಗಾರರಲ್ಲಿ ಜೋಮು, ನಿಶ್ಶಕ್ತಿ ಕಾಣಿಸಿಕೊಂಡದ್ದು ಹೀಗೆಯೇ. ಇಲ್ಲೂ ಜೋಡಣೆಯೇ ಮುಖ್ಯ: ಎರಡು ಮತ್ತು ಐದನೇ ಇಂಗಾಲಗಳು ಸರಿಯಾದ ದೂರದಲ್ಲಿ ಸಿಗುವುದು ನೇರ ಸರಪಳಿಯಲ್ಲಿ, ಕವಲಿನ ಹೆಕ್ಸೇನ್‌ಗಳು ಆ ವಿಷವಸ್ತುವನ್ನು ಕೊಡುವುದಿಲ್ಲ. ಆದರೆ ಮಾರುಕಟ್ಟೆಯ ಹೆಕ್ಸೇನ್ ಎಲ್ಲ ಸಮಾಂಗಿಗಳ ಮಿಶ್ರಣ, ಅದರಲ್ಲಿ ನೇರ ಸರಪಳಿಯದೇ ದೊಡ್ಡ ಪಾಲು.

ಹಳೆಯ ಕ್ರಮವೇ ನಿಮಗೆ ಸರಿ. ಬೀಜ ಚೆನ್ನಾಗಿ ಒಣಗಿಸಿ, ಸಿಪ್ಪೆ ತೆಗೆದು, ನುಣ್ಣಗೆ ಕುಟ್ಟಿ, ಬೇಕಾದಷ್ಟು ನೀರು ಹಾಕಿ ಕುದಿಸಿ. ಮೇಲೆ ತೇಲಿದ ಕೊಬ್ಬನ್ನು ಬಿಸಿ ಇರುವಾಗಲೇ ಸೌಟಿನಿಂದ ಬೇರೆ ಪಾತ್ರೆಗೆ ತೆಗೆದು ಆರಲು ಬಿಡಿ. ನೀರಿನಂಶ ಉಳಿದರೆ ಬೇಗ ಕಮಟು ವಾಸನೆ ಬರುತ್ತದೆ; ಗಟ್ಟಿಯಾದ ಬಿಲ್ಲೆಯನ್ನು ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕರಗಿಸಿ, ಚಟಪಟ ಶಬ್ದ ನಿಂತ ಮೇಲೆ ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಸುರಿಯಿರಿ.